ಒಂದೇ ಪತ್ರ, 12 ಲಾ ಫರ್ಮ್

ಪ್ರಶ್ನೆ: ಕಾನೂನು ಪದವಿ ಮುಗಿಯಲು ಇನ್ನೊಂದು ವರ್ಷವಿದೆ. ಇಂಟರ್ನ್‌ಶಿಪ್ ಕೇಳಿ 12 ಲಾ ಫರ್ಮ್‌ಗಳಿಗೆ ಒಂದೇ ಪತ್ರ ಕಳಿಸಿದೆ. ಯಾರೂ ಉತ್ತರಿಸಿಲ್ಲ. ನನ್ನ ಅಂಕ ಸಾಧಾರಣ. ಅದೇ ಕಾರಣವೇ?

ಉತ್ತರ: ಅಂಕಕ್ಕಿಂತ ಆ ‘ಒಂದೇ ಪತ್ರ’ದ ಮೇಲೆ ನನಗೆ ಅನುಮಾನ ಜಾಸ್ತಿ. ಕೆಲವು ವರ್ಷ ಇಂಥ ಅರ್ಜಿ ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಬ್ಬ ಹುಡುಗನದು ಚೆನ್ನಾಗಿತ್ತು. ಒಳ್ಳೆಯ ಅಂಕ, ಮೂಟ್ ಕೋರ್ಟ್‌ನಲ್ಲಿ (ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯದ ವಾದಸ್ಪರ್ಧೆ) ಬಹುಮಾನ ಬೇರೆ. ಕೊನೆಯ ಸಾಲಿನಲ್ಲಿ ಮಾತ್ರ ಇನ್ನೊಂದು ಫರ್ಮ್‌ನ ಹೆಸರು ಹಾಗೇ ಉಳಿದಿತ್ತು, ಅದೂ ಬೇರೆ ಫಾಂಟ್‌ನಲ್ಲಿ! ಕರಡು ತಿದ್ದುವುದೇ ನಮ್ಮ ಹೊಟ್ಟೆಪಾಡು ಅಲ್ವಾ? ಪತ್ರ ಬದಿಗೆ ಹೋಯಿತು.

12 ಬಿಡಿ, 4 ಆರಿಸಿ. ಅವರು ಕೋರ್ಟ್ ಕೆಲಸ ಮಾಡುತ್ತಾರೋ, ಕಂಪನಿಗಳ ಒಪ್ಪಂದ ಬರೆಯುತ್ತಾರೋ ನೋಡಿ. ಸುಮ್ನೆ ‘ಸಂಶೋಧನೆಯಲ್ಲಿ ಆಸಕ್ತಿ’ ಅಂತ ಬರೆಯಬೇಡಿ. ‘ಬಾಡಿಗೆ ಕರಾರಿನ 3 ಕರಡು ಹೋಲಿಸಿ, ಠೇವಣಿ ವಾಪಸಿನ ಷರತ್ತು ಬದಲಾದದ್ದನ್ನು ಹಿಡಿದೆ’ ಎಂದರೆ ಓದುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಬರವಣಿಗೆಯ ಮಾದರಿ ಕೇಳಿದರೆ ಕಕ್ಷಿದಾರರ ಹೆಸರು, ಗುರುತು ಅಳಿಸಿಯೇ ಕೊಡಿ. ಗುಟ್ಟು ಕಾಯದವರನ್ನು ಯಾರೂ ಒಳಗೆ ಬಿಡುವುದಿಲ್ಲ.

ಕೊನೆಯ ದಿನಾಂಕಕ್ಕೆ ಕಾಯಬೇಡಿ. ಬಂದ ಹಾಗೆ ಓದಿ ಜಾಗ ತುಂಬುವ ಫರ್ಮ್‌ಗಳಿವೆ. ಇಂಟರ್ನ್ ಆಗಿ ಬಂದವರಿಗೇ ಪದವಿ ಮುಗಿದ ಮೇಲೆ ಕೆಲಸ ಕೊಡುವುದೂ ಉಂಟು. ಹಾಗಾಗಿ ಇಂಟರ್ನ್‌ಶಿಪ್‌ನ ಅಷ್ಟೂ ದಿನ ಸಂದರ್ಶನವೇ, ಝೆರಾಕ್ಸ್ ಮಾಡಲು ಕಳಿಸಿದಾಗಲೂ.