ಜನರೇಟರ್‌ಗೆ ಚಾವಣಿ ಇರಲಿ, ಗೋಡೆ ಬೇಡ

ಮಳೆ ಜೋರಾದರೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ತರಹ ಇರುತ್ತವೆ. ಜನರೇಟರ್ ನೆನೆಯದ ಹಾಗೆ ಎಲ್ಲಿಡಲಿ, ಯಾವುದರಿಂದ ಮುಚ್ಚಲಿ? ಮಷಿನ್ ಉಳಿಸುವ ಚಿಂತೆ ಎಲ್ಲರಿಗೂ ಇದೆ. ಅದರ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಉದ್ದ ಉತ್ತರ, ಉಳಿದವಕ್ಕೆ ಚುಟುಕು. ಆಯಿಲ್ ನೋಡುವುದು, ಚೋಕ್ ಎಳೆಯುವುದು ಮಷಿನ್ ಜೊತೆ ಬಂದ ಪುಸ್ತಕದಲ್ಲೇ ಇದೆ. ಅದನ್ನು ಓದಿ.

ಪ್ರಶ್ನೆ: ನಮ್ಮದು 2 ಕಿಲೋವ್ಯಾಟ್‌ನ ಪೆಟ್ರೋಲ್ ಜನರೇಟರ್. ಮನೆಯ ಹಿಂದಿನ ಜಗಲಿಯಲ್ಲಿ ಇಟ್ಟಿದ್ದೇವೆ. ಮಳೆಯ ಎರಚಲು ಹೊಡೆಯುತ್ತದೆ. ಅದಕ್ಕೆ ಸುತ್ತ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಗಾಳಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಬೇಕು ಅಂತಿದ್ದೇವೆ. ಮೆಕ್ಯಾನಿಕ್ ಅಷ್ಟು ಸಾಕು ಅಂದರು. ಸಾಕಾಗುತ್ತಾ?

ಸಾಕಾಗುವುದಿಲ್ಲ. ಪೆಟ್ಟಿಗೆ ಮಾಡಿಸಬೇಡಿ. ಮಷಿನನ್ನು ಜಗಲಿಯಿಂದ ಇವತ್ತೇ ಕೆಳಗಿಳಿಸಿ. ಹಾಗೆ ಹೇಳಿದ ಮೆಕ್ಯಾನಿಕ್ ಹತ್ತಿರ ಇನ್ನು ಸ್ಪಾರ್ಕ್ ಪ್ಲಗ್ ಮಾತ್ರ ಬದಲಾಯಿಸಿಕೊಳ್ಳಿ, ಸಲಹೆ ಕೇಳಬೇಡಿ.

ಮೊದಲು ಹೊಗೆ. ಪೆಟ್ರೋಲ್ ಎಂಜಿನ್ ಉಗುಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆ ಸುತ್ತು, ವಾಕರಿಕೆ, ಸುಸ್ತು. ಜನ ಇದನ್ನು ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡು ಮಲಗುತ್ತಾರೆ. ಕೆಲವರು ಮತ್ತೆ ಏಳುವುದಿಲ್ಲ. ಒಂದು ಸಣ್ಣ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮಾನಾಕ್ಸೈಡ್ ಬಿಡಬಲ್ಲದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ವರ್ಷ ವರ್ಷವೂ ಎಚ್ಚರಿಸುತ್ತದೆ. ಮನೆಯಿಂದ ಕನಿಷ್ಠ 20 ಅಡಿ, ಅಂದರೆ ಸುಮಾರು 6 ಮೀಟರ್ ದೂರ ಇಡಬೇಕು ಎನ್ನುವುದೂ ಅದರದೇ ಮಾತು. ಜಾಗ ಇದ್ದರೆ ನಾನು ಇನ್ನೂ ದೂರಕ್ಕೆ ತಳ್ಳುತ್ತೇನೆ.

ಜಗಲಿ ಮನೆಯ ಹೊರಗಿದೆಯಲ್ಲ ಅನ್ನುತ್ತೀರಿ. ಗಾಳಿಗೆ ಆ ಲೆಕ್ಕ ಗೊತ್ತಿಲ್ಲ. ಸೂರಿನ ಕೆಳಗೆ ಹೊಗೆ ಸುತ್ತುತ್ತಾ ನಿಲ್ಲುತ್ತದೆ. ಕಿಟಕಿಯ ಸಂದು, ಬಾಗಿಲ ಕೆಳಗಿನ ಸಂದು, ಬಚ್ಚಲ ವೆಂಟಿಲೇಟರ್, ಎಲ್ಲಿ ದಾರಿ ಸಿಕ್ಕರೂ ಒಳಗೆ ನುಗ್ಗುತ್ತದೆ. ಫ್ಯಾನ್ ಹಾಕಿದರೂ ಅದೇ ಕಥೆ, ಪೆಟ್ಟಿಗೆಯ ವಿಷವನ್ನು ಜಗಲಿಗೆ ತಳ್ಳುತ್ತದೆ ಅಷ್ಟೇ. ಫ್ಯಾನ್ ಕೆಟ್ಟರೆ ಅದೂ ಇಲ್ಲ. ಗ್ಯಾರೇಜು, ಶೆಡ್ಡು, ಬಾಲ್ಕನಿ ಯಾವುದೂ ಬೇಡ. ಬಾಗಿಲು ಕಿಟಕಿ ತೆರೆದಿಟ್ಟರೂ ಬೇಡ.

ಎರಡನೆಯದು ಬಿಸಿ. ಸಣ್ಣ ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನದ ಶಕ್ತಿಯ ಐದನೇ ಒಂದು ಭಾಗದಷ್ಟು ಮಾತ್ರ ಕರೆಂಟ್ ಆಗುತ್ತದೆ. ಉಳಿದದ್ದೆಲ್ಲ ಬಿಸಿ. ನಿಮ್ಮ ಮಷಿನ್ 2 ಕಿಲೋವ್ಯಾಟ್ ಕೊಡುವಾಗ ಹತ್ತಿರ ಹತ್ತಿರ 8 ಕಿಲೋವ್ಯಾಟ್ ಬಿಸಿ ಹೊರಗೆ ಬರುತ್ತದೆ. 8 ಇಸ್ತ್ರಿ ಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಿಸಿ ಮರದ ಡಬ್ಬದೊಳಗೆ ಇಟ್ಟಂತೆ. ಎಂಜಿನ್ನೂ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರೂ ತಣ್ಣಗಾಗುವುದು ತಮ್ಮದೇ ಫ್ಯಾನ್ ಎಳೆಯುವ ಗಾಳಿಯಿಂದ. ಪೆಟ್ಟಿಗೆಯೊಳಗೆ ಅವು ತಾವೇ ಬಿಟ್ಟ ಬಿಸಿ ಗಾಳಿಯನ್ನು ಮತ್ತೆ ಎಳೆಯುತ್ತವೆ. ಆಲ್ಟರ್ನೇಟರ್ ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸುಡುತ್ತದೆ. ಪಕ್ಕದಲ್ಲೇ ಪ್ಲೈವುಡ್, ಮೇಲೆ ಪೆಟ್ರೋಲ್ ಟ್ಯಾಂಕ್. ನೀವು ಮಳೆಯಿಂದ ಕಾಪಾಡಲು ಹೊರಟ ಮಷಿನ್ ಬೆಂಕಿಗೆ ಹೋಗುತ್ತದೆ.

"ದೊಡ್ಡ ಕಟ್ಟಡಗಳ ಜನರೇಟರ್ ಪೆಟ್ಟಿಗೆಯಲ್ಲೇ ಇರುತ್ತದಲ್ಲ" ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಆ ಪೆಟ್ಟಿಗೆಯನ್ನು ಆ ಎಂಜಿನ್‌ಗೆ ಅಂತಲೇ ಮಾಡಿರುತ್ತಾರೆ. ಗಾಳಿ ಬರುವ ದಾರಿ, ಹೋಗುವ ದಾರಿ, ಹೊಗೆ ಕೊಳವೆ, ಬಿಸಿ ಜಾಸ್ತಿಯಾದರೆ ನಿಲ್ಲಿಸುವ ಸೆನ್ಸರ್, ಎಲ್ಲವನ್ನೂ ಲೆಕ್ಕ ಹಾಕಿ ಕೂರಿಸಿರುತ್ತಾರೆ. ನಿಮ್ಮ ಬಡಗಿ ಆ ಲೆಕ್ಕ ಹಾಕಿಲ್ಲ.

ಹಾಗಾದರೆ ಮಳೆಗೆ ಏನು ಮಾಡುವುದು? ನಾಲ್ಕು ಕಂಬ, ಮೇಲೊಂದು ತಗಡು. ಅಷ್ಟೇ.

ಜಾಗ ಆರಿಸುವಾಗ ಗಾಳಿ ನೋಡಿ. ಮಳೆ ಬರುವಾಗ ಗಾಳಿ ಸಾಮಾನ್ಯವಾಗಿ ಯಾವ ಕಡೆಯಿಂದ ಬೀಸುತ್ತದೆ ಎಂದು ನಿಮಗೆ ಗೊತ್ತೇ ಇರುತ್ತದೆ. ಹೊಗೆ ಮನೆಯಿಂದ ಆಚೆ ಹೋಗುವ ಕಡೆ ಮಷಿನ್ ಇರಬೇಕು. ಸೈಲೆನ್ಸರ್ ಬಾಯಿ ಬಯಲಿನ ಕಡೆಗಿರಬೇಕು. ನಿಮ್ಮ ಮನೆಯಿಂದ ದೂರ ಆಯಿತು ಎಂದು ಪಕ್ಕದ ಮನೆಯ ಕಿಟಕಿ ಕೆಳಗೆ ಇಡಬೇಡಿ. ಅವರಿಗೂ ಶ್ವಾಸಕೋಶ ಇದೆ.

ನೆಲ ಎತ್ತರವಾಗಿರಲಿ. ನೀರು ಮೇಲಿಂದ ಬರುವುದನ್ನಷ್ಟೇ ಜನ ನೋಡುತ್ತಾರೆ, ಕೆಳಗೆ ಹರಿಯುವುದನ್ನು ಮರೆಯುತ್ತಾರೆ. ಸಿಮೆಂಟ್ ಕಟ್ಟೆಯಾದರೆ ಒಳ್ಳೆಯದು. ಅದು ಮಟ್ಟವಾಗಿರಬೇಕು. ವಾಲಿದ್ದರೆ ಆಯಿಲ್ ಸೆನ್ಸರ್ ಎಂಜಿನ್ನನ್ನು ನಿಲ್ಲಿಸುತ್ತದೆ, ಆಮೇಲೆ ನಡುರಾತ್ರಿ ನೆನೆಯುತ್ತಾ ಹಗ್ಗ ಎಳೆಯಬೇಕಾಗುತ್ತದೆ.

ಈಗ ಚಾವಣಿ. ಎಲ್ಲರೂ ತಪ್ಪುವುದು ಇಲ್ಲೇ. ಬಿಸಿಗೆ ಹೆದರಿ ತುಂಬಾ ಎತ್ತರ ಕಟ್ಟುತ್ತಾರೆ, ಅಗಲ ಮಾತ್ರ ಮಷಿನ್‌ನಷ್ಟೇ. ಮಳೆ 45 ಡಿಗ್ರಿ ಓರೆಯಾಗಿ ಹೊಡೆದರೆ, ಮಷಿನ್‌ನ ತಲೆಯಿಂದ ಚಾವಣಿ ಎಷ್ಟು ಎತ್ತರವಿದೆಯೋ, ಆ ತಲೆಯ ಮಟ್ಟದಲ್ಲಿ ಅಷ್ಟೇ ದೂರ ನೀರು ಒಳಗೆ ಬರುತ್ತದೆ. ನಾನು ಹೇಳುವುದು ಇಷ್ಟು: ಮಷಿನ್‌ನ ತಲೆಯಿಂದ ಚಾವಣಿಗೆ 1 ಮೀಟರ್ ಬಿಡಿ, ಚಾವಣಿ ಮಷಿನ್‌ನ ಅಂಚಿನಿಂದ ಎಲ್ಲ ಕಡೆ 1 ಮೀಟರ್ ಚಾಚಿರಲಿ. 60 ಸೆಂಟಿಮೀಟರ್ ಉದ್ದದ ಮಷಿನ್‌ಗೆ 2.6 ಮೀಟರ್ ಉದ್ದದ ತಗಡು. ಜಾಸ್ತಿ ಅನ್ನಿಸಬಹುದು, ಆದರೆ ಲೆಕ್ಕ ಅದೇ. ಇಳಿಜಾರು ಸೈಲೆನ್ಸರ್ ಇಲ್ಲದ ಕಡೆಗಿರಲಿ. ತಗಡು ಅಥವಾ ಸಿಮೆಂಟ್ ಶೀಟ್ ಬಳಸಿ, ಪ್ಲಾಸ್ಟಿಕ್ ಶೀಟ್ ಮತ್ತು ಒಣ ಗರಿ ಬೇಡ. ಕಂಬಗಳನ್ನು ನೆಲಕ್ಕೆ ಗಟ್ಟಿಯಾಗಿ ಹೂಳಿ. ಗಾಳಿಗೆ ಹಾರಿದ ತಗಡು ಕತ್ತಿಗಿಂತ ಕಡಿಮೆಯಲ್ಲ.

ಇಷ್ಟಾದರೂ ಎರಚಲು ಬರುತ್ತದೆಯೇ? ಗಾಳಿ ಬರುವ ಒಂದು ಕಡೆಗೆ ಮಾತ್ರ, ಮಷಿನ್‌ನಿಂದ 1 ಮೀಟರ್ ಆಚೆ, ಗಿಡ್ಡ ತಡಿಕೆ ಕಟ್ಟಿ. ಒಂದೇ ಕಡೆ. ಎರಡನೆಯದು ಕಟ್ಟುವ ಮನಸ್ಸಾದರೆ ಈ ಉತ್ತರವನ್ನು ಮೊದಲಿಂದ ಓದಿ. ಅದಕ್ಕೂ ಮೀರಿ ಗಾಳಿ ಮಳೆ ಹೊಡೆದರೆ ಮಷಿನ್ ನಿಲ್ಲಿಸಿ. ಬಿರುಗಾಳಿ ಕಡಿಮೆಯಾಗುವವರೆಗೆ ಫ್ರಿಜ್ ಬಾಗಿಲು ಮುಚ್ಚಿಟ್ಟುಕೊಂಡು ಕಾಯಿರಿ. ಸಿಡಿಲು ಬಡಿಯುವಾಗ ಪೆಟ್ರೋಲ್ ಡಬ್ಬ ಹಿಡಿದು ಅಂಗಳಕ್ಕೆ ಹೋಗುವಷ್ಟು ಮುಖ್ಯವಾದ ಕೆಲಸ ಮನೆಯಲ್ಲಿ ಯಾವುದೂ ಇಲ್ಲ.

ವೈರ್ ಬಗ್ಗೆಯೂ ಹೇಳಬೇಕು. ನೀರು ಮೊದಲು ನುಗ್ಗುವುದು ಮಷಿನ್‌ನ ಸಾಕೆಟ್‌ಗೆ. ಆ ಮುಖ ಗಾಳಿಗೆ ಬೆನ್ನು ಮಾಡಿರಲಿ. ಹೊರಗೆ ಬಳಸುವ ದಪ್ಪ ರಬ್ಬರ್ ವೈರ್ ತನ್ನಿ, ನಡುವೆ ಗಂಟು ಹಾಕಿ ಟೇಪ್ ಸುತ್ತಿದ್ದು ಬೇಡವೇ ಬೇಡ. ಸಾಕೆಟ್‌ನಿಂದ ವೈರ್ ಸ್ವಲ್ಪ ಕೆಳಗೆ ಜೋತು ಆಮೇಲೆ ಮುಂದೆ ಹೋಗಲಿ, ಆಗ ವೈರ್ ಮೇಲಿನ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕಿಟಕಿ ಸಂದಿಯಲ್ಲಿ ವೈರ್ ತಂದಿದ್ದರೆ ಆ ಸಂದನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬೇಡಿ. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ. ಅದು ಕೂಗಿದರೆ, ಅಥವಾ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ, ಕಾರಣ ಹುಡುಕುತ್ತಾ ಕೂರಬೇಡಿ. ಎಲ್ಲರೂ ಹೊರಗೆ ಬನ್ನಿ, ಆಮೇಲೆ ಸಹಾಯಕ್ಕೆ ಫೋನ್ ಮಾಡಿ.

ಪ್ರಶ್ನೆ: ಓಡುತ್ತಿರುವಾಗ ಟಾರ್ಪಾಲ್ ಹೊದಿಸಿ ಕಟ್ಟಬಹುದಾ?

ಬೇಡ. ಜೋತು ಸೈಲೆನ್ಸರ್‌ಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ನಿಲ್ಲಿಸಿ ಪೂರ್ತಿ ತಣ್ಣಗಾದ ಮೇಲೆ ಹೊದಿಸಿ.

ಪ್ರಶ್ನೆ: ಸೈಲೆನ್ಸರ್‌ಗೆ ಪೈಪ್ ಹಾಕಿ ನೀರಿನ ಬಕೆಟ್‌ನಲ್ಲಿ ಮುಳುಗಿಸಿದರೆ ವಿಷ ಹೋಗುತ್ತದೆ ಅಂತಾರೆ, ನಿಜವೇ?

ಸುಳ್ಳು. ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದೇ ಅಪರೂಪ, ಗುಳ್ಳೆಯಾಗಿ ಮೇಲೆ ಬರುತ್ತದೆ. ಒದ್ದೆ ಬಟ್ಟೆ, ಇದ್ದಿಲು, ಕುಂಡದ ಗಿಡ ಎಲ್ಲವೂ ಇದೇ ಸಾಲಿಗೆ ಸೇರಿದವು. ಇಂಥದ್ದನ್ನು ಹಂಚುವವರು ಜನರ ಪ್ರಾಣದ ಜೊತೆ ಆಡುತ್ತಿದ್ದಾರೆ.

ಪ್ರಶ್ನೆ: ನಮ್ಮದು ಗ್ಯಾಸ್‌ನಲ್ಲಿ ಓಡುವುದು. ಒಳಗೆ ಇಡಬಹುದಲ್ವಾ?

ಇಲ್ಲ. ಗ್ಯಾಸ್ ಆಗಲಿ ಡೀಸೆಲ್ ಆಗಲಿ, ಕಾರ್ಬನ್ ಮಾನಾಕ್ಸೈಡ್ ಬರುತ್ತದೆ.

ಪ್ರಶ್ನೆ: ಹೊಸ ಮಷಿನ್‌ನಲ್ಲಿ ವಿಷಗಾಳಿ ಜಾಸ್ತಿಯಾದರೆ ತಾನೇ ನಿಲ್ಲುವ ಸೆನ್ಸರ್ ಇದೆ. ಜಗಲಿಯಲ್ಲಿ ಇಟ್ಟರೆ?

ಸೆನ್ಸರ್ ಇರುವುದು ಮಷಿನ್ ಹತ್ತಿರ, ನಿಮ್ಮ ಹಾಸಿಗೆ ಹತ್ತಿರ ಅಲ್ಲ. ಗಾಳಿ ಹೊಗೆಯನ್ನು ಸೀದಾ ಕಿಟಕಿಗೆ ಹೊತ್ತೊಯ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಮತ್ತದೇ 6 ಮೀಟರ್.

ಪ್ರಶ್ನೆ: ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ, ಗೋಡೆ ಸಾಕೆಟ್‌ನಿಂದಲೇ ಇಡೀ ಮನೆಗೆ ಕರೆಂಟ್ ಕೊಡುತ್ತೇವೆ. ತಪ್ಪಾ?

ಅಪರಾಧ ಅನ್ನುತ್ತೇನೆ ನಾನು. ನಿಮ್ಮ ಕರೆಂಟ್ ಬೀದಿಗೆ ಹೋಗಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟ್ ಆಗಿ, ಕಂಬದ ಮೇಲಿರುವ ಲೈನ್‌ಮನ್‌ನನ್ನು ಕೊಲ್ಲಬಹುದು. ಆ ವೈರ್ ಕತ್ತರಿಸಿ ಎಸೆಯಿರಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ; ಅದು ಬೀದಿಯ ಕರೆಂಟ್, ಜನರೇಟರ್ ಕರೆಂಟ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಬಿಡುತ್ತದೆ.

ಪ್ರಶ್ನೆ: ರಾತ್ರಿಯೆಲ್ಲ ಮಳೆಯಲ್ಲಿ ನೆನೆದಿದೆ. ಸ್ಟಾರ್ಟ್ ಮಾಡಿ ನೋಡಲಾ?

ಈಗಲೇ ಬೇಡ. ಸಾಕೆಟ್‌ಗಳನ್ನೂ ಏರ್ ಫಿಲ್ಟರನ್ನೂ ಪೂರ್ತಿ ಒಣಗಿಸಿ. ಪೆಟ್ರೋಲ್‌ಗೆ ನೀರು ಸೇರಿದ್ದರೆ ಅದು ತಳಕ್ಕೆ ಇಳಿದಿರುತ್ತದೆ. ಟ್ಯಾಂಕನ್ನೂ ಕಾರ್ಬುರೇಟರ್ ಬಟ್ಟಲನ್ನೂ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಅದಕ್ಕೂ ನೀರು ಸೇರಿದೆ, ಬದಲಾಯಿಸಿ. ಆಮೇಲೂ ಮೊದಲು ಯಾವ ವೈರೂ ಸಿಕ್ಕಿಸದೆ ಓಡಿಸಿ. ನೀರಿನಲ್ಲಿ ಮುಳುಗಿದ್ದ ಮಷಿನ್ ಆದರೆ ನೀವು ಮುಟ್ಟಬೇಡಿ, ಸೀದಾ ರಿಪೇರಿಗೆ ಕಳಿಸಿ.