ಬಟ್ಟೆ ಒಣಹಾಕುವ ಹಗ್ಗ ಜೋತುಬೀಳುತ್ತದೆ ಎಂದು ಕೇಳಿದ್ದವರಿಗೆ

ನಮಸ್ಕಾರ. ಹಿತ್ತಿಲಲ್ಲಿ ಮರಕ್ಕೂ ಗೋಡೆಗೂ ನಡುವೆ ಕಟ್ಟಿದ ಹಗ್ಗ ವಾರಕ್ಕೊಮ್ಮೆ ಜೋತುಬೀಳುತ್ತದೆ, ಹೊದಿಕೆಯ ಅಂಚು ಮಣ್ಣಿಗೆ ತಾಗುತ್ತದೆ, ಎತ್ತರಿಸಿ ಕಟ್ಟಿದರೆ ಅಮ್ಮನಿಗೆ ಭುಜ ನೋಯುತ್ತದೆ ಎಂದು ಬರೆದಿದ್ದೀರಿ. ಈ ಮೂರೂ ತೊಂದರೆಗಳು ನಮ್ಮ ಮನೆಯಲ್ಲೂ ಇದ್ದವು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಜೋತುಬೀಳುವ ವಿಷಯ. ಹಗ್ಗವನ್ನು ವೀಣೆಯ ತಂತಿಯಂತೆ ಬಿಗಿದರೆ ಸರಿಹೋಗುತ್ತದೆ ಎಂದು ನಾನೂ ನಂಬಿದ್ದೆ. ಹಾಗೆ ಬಿಗಿದ ಮೂರನೆಯ ವಾರಕ್ಕೆ ಗೋಡೆಯ ಕೊಕ್ಕೆ ಗಾರೆಯ ಸಮೇತ ಕಿತ್ತು ಬಂತು. ಕಾರಣ ಸರಳವಾದ ಲೆಕ್ಕದಲ್ಲಿದೆ. 6 ಮೀಟರ್ ಹಗ್ಗದ ಮೇಲೆ ಉದ್ದಕ್ಕೂ ಸಮವಾಗಿ 12 ಕಿಲೋ ಒದ್ದೆ ಬಟ್ಟೆ ಇದೆ ಎಂದುಕೊಳ್ಳಿ. ನಡುವೆ 30 ಸೆಂಟಿಮೀಟರ್ ಬಾಗಲು ಬಿಟ್ಟರೆ ಕೊಕ್ಕೆಯನ್ನು ಎಳೆಯುವ ಬಲ ಸುಮಾರು 30 ಕಿಲೋ ಭಾರದಷ್ಟು. 10 ಸೆಂಟಿಮೀಟರ್ ಮಾತ್ರ ಬಾಗುವಂತೆ ಬಿಗಿದರೆ ಅದೇ ಬಟ್ಟೆ 90 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ. ಬಾಗು ಮೂರನೇ ಒಂದು ಪಾಲಾದಾಗ ಎಳೆತ ಮೂರು ಪಟ್ಟಾಗುತ್ತದೆ. ಬಟ್ಟೆಯ ಹಗ್ಗ ಸ್ವಲ್ಪ ಬಾಗಲೇಬೇಕು. ಹಾಗೆ ಬಾಗಿದ್ದನ್ನು ಎತ್ತುವುದಕ್ಕೆ ಬೇರೆ ಸಾಧನ ಬೇಕು.

ಆ ಸಾಧನವೇ ಕವೆಗೋಲು. ತುದಿಯಲ್ಲಿ ಇಂಗ್ಲಿಷ್ ವೈ ಅಕ್ಷರದಂತೆ ಕವಲೊಡೆದ, ಎರಡೂಕಾಲು ಮೀಟರ್ ಉದ್ದದ ಗಟ್ಟಿ ಕೋಲು ಸಾಕು. ಹಗ್ಗವನ್ನು ಅಮ್ಮನ ಕೈಗೆ ಸುಲಭವಾಗಿ ಎಟಕುವ ಎತ್ತರದಲ್ಲೇ, ಹಣೆಯಿಂದ ಮೇಲೆ ಹೋಗದಂತೆ ಕಟ್ಟಿ. ಅವರು ಆರಾಮವಾಗಿ ಬಟ್ಟೆ ಹರವಿದ ಮೇಲೆ, ಕವಲನ್ನು ಹಗ್ಗದ ನಡುವಿಗೆ ಕೊಟ್ಟು ಕೋಲನ್ನು ನಿಲ್ಲಿಸಿದರೆ ಇಡೀ ಸಾಲು ಗಾಳಿಗೆ ಏರುತ್ತದೆ. ತೆಗೆಯುವಾಗ ಕೋಲನ್ನು ಓರೆ ಮಾಡಿದರೆ ಮತ್ತೆ ಕೈಗೆ ಬರುತ್ತದೆ. ಕೋಲಿನ ಬುಡ ಜಾರದಂತೆ ನೆಲದಲ್ಲಿ ಸಣ್ಣ ಕುಳಿ ತೋಡಿ. ನಿಮ್ಮ ಭುಜನೋವಿನ ಪ್ರಶ್ನೆಗೂ ಮಣ್ಣಿನ ಪ್ರಶ್ನೆಗೂ ಇದೊಂದೇ ಉತ್ತರ.

ಎತ್ತರದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಮನೆಯ ಹಳೆಯ ಹಗ್ಗ ಅಪ್ಪನ ಎತ್ತರಕ್ಕೆ ಇತ್ತು, ಏಕೆಂದರೆ ಕಟ್ಟಿದವರು ಅಪ್ಪ. ಅದರ ಕೆಳಗೆ ವರ್ಷಗಟ್ಟಲೆ ತುದಿಗಾಲಲ್ಲಿ ನಿಂತವರು ಅಮ್ಮ. ಅದನ್ನು ನಾವು ಯಾರೂ ಗಮನಿಸಲೇ ಇಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಹಗ್ಗ ತಗ್ಗಿದ ಮೇಲೆ ಮನೆಯ ಎಲ್ಲರಿಗೂ ಅದು ಎಟಕಿತು. ಈಗ ಅಪ್ಪ ಹಿಂಡಿ ಕೊಡುತ್ತಾರೆ, ಮಗಳು ಕ್ಲಿಪ್ಪುಗಳನ್ನು ಒಂದೊಂದಾಗಿ ನೀಡುತ್ತಾಳೆ. ಅವಳಿಗೆಂದೇ ಗೋಡೆಗೆ ಒತ್ತಿಕೊಂಡಂತೆ ಒಂದು ಗಿಡ್ಡ ಹಗ್ಗ ಕಟ್ಟಿದ್ದೇನೆ. ಕಾಲುಚೀಲ, ಕರವಸ್ತ್ರಗಳೆಲ್ಲ ಅವಳ ಪಾಲು. ಆದರೆ ಮಕ್ಕಳು ಓಡಾಡುವ ದಾರಿಗೆ ಅಡ್ಡವಾಗಿ ಗಿಡ್ಡ ಹಗ್ಗವನ್ನು ಎಂದಿಗೂ ಕಟ್ಟಬೇಡಿ, ಓಡುವ ಮಗುವಿನ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡವರ ಹಗ್ಗಕ್ಕೂ ಕಣ್ಣಿಗೆ ಕಾಣುವಂತೆ ನಾಲ್ಕಾರು ಬಣ್ಣದ ಬಟ್ಟೆಚೂರುಗಳನ್ನು ಕಟ್ಟಿ.

ಯಾವ ಹಗ್ಗ ಎಂದು ಕೇಳಿದ್ದಿರಿ. 6 ಮಿಲಿಮೀಟರ್ ದಪ್ಪದ, ಹೆಣೆದ ಪಾಲಿಯೆಸ್ಟರ್ ಹಗ್ಗವೇ ನನ್ನ ಆಯ್ಕೆ. ನೈಲಾನ್ ಗಟ್ಟಿಯಾಗಿದ್ದರೂ ಭಾರಕ್ಕೆ ಹಿಗ್ಗುತ್ತದೆ, ನೆನೆದರೆ ಇನ್ನಷ್ಟು. ನಿಮ್ಮದು ವಾರಕ್ಕೊಮ್ಮೆ ಸಡಿಲವಾಗುವುದಕ್ಕೆ ಅದೇ ಕಾರಣವಿರಬೇಕು. ಹೊಳೆಯುವ ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಪುಡಿಯಾಗಿ ಎಳೆ ಬಿಡುತ್ತದೆ. ಹತ್ತಿಯ ಹಗ್ಗ ಕ್ಲಿಪ್ಪಿಗೆ ಒಳ್ಳೆಯ ಹಿಡಿತ ಕೊಡುತ್ತದೆ, ಆದರೆ ಮಳೆಯಲ್ಲಿ ಬಿಟ್ಟರೆ ಕೊಳೆಯುತ್ತದೆ.

ಲೋಹದ ತಂತಿ ಮಾತ್ರ ದಯವಿಟ್ಟು ಬೇಡ. ತುಕ್ಕಿನ ಕಲೆ ಸಣ್ಣ ವಿಷಯ. ಎಲ್ಲೋ ಒಂದು ಕಡೆ ಹೊದಿಕೆ ಸವೆದ ವಿದ್ಯುತ್ ತಂತಿ ತಗುಲಿದರೆ ಇಡೀ ಸಾಲಿಗೆ ವಿದ್ಯುತ್ ಹರಿಯುತ್ತದೆ, ಮುಟ್ಟುವವರ ಕೈಯಲ್ಲಿ ಒದ್ದೆ ಬಟ್ಟೆ, ಕಾಲಡಿ ಒದ್ದೆ ನೆಲ. ಒಬ್ಬರನ್ನು ಬಿಡಿಸಲು ಹೋಗಿ ಮನೆಯ ಇನ್ನೊಬ್ಬರೂ ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ನೆನೆದ ಹಗ್ಗವನ್ನೂ ಪೂರ್ತಿ ನಂಬುವಂತಿಲ್ಲ. ವಿದ್ಯುತ್ ಕಂಬಕ್ಕಾಗಲಿ, ಅದನ್ನು ಎಳೆದು ಕಟ್ಟಿದ ತಂತಿಗಾಗಲಿ ಕಟ್ಟಬೇಡಿ. ಮನೆಗೆ ಬರುವ ವಿದ್ಯುತ್ ತಂತಿ ಹಗ್ಗದ ಮೇಲೆ ಅಥವಾ ಪಕ್ಕದಲ್ಲಿ ಹಾದುಹೋಗುತ್ತಿದ್ದರೆ ಜಾಗವನ್ನೇ ಬದಲಿಸಿ. ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕೆಂದು ಮನೆಯ ಎಲ್ಲರಿಗೂ ಹೇಳಿಕೊಡಿ.

ಮರಕ್ಕೆ ಹಗ್ಗವನ್ನು ನೇರವಾಗಿ ಸುತ್ತಬೇಡಿ. ಕಾಂಡ ದಪ್ಪವಾದಂತೆ ಹಗ್ಗ ತೊಗಟೆಯೊಳಗೆ ಇಳಿಯುತ್ತದೆ. ಆಹಾರ ಸಾಗುವ ಪದರ ಅಲ್ಲೇ ಇರುವುದರಿಂದ ಮರ ಸೊರಗುತ್ತದೆ. ಅಗಲವಾದ ಪಟ್ಟಿ ಸುತ್ತಿ, ಅದಕ್ಕೆ ಹಗ್ಗ ಕಟ್ಟಿ, ವರ್ಷಕ್ಕೊಮ್ಮೆ ಸಡಿಲಿಸಿ. ಗೋಡೆಯ ಕಡೆ ಕೊಕ್ಕೆ ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಹೋಗಿರಬೇಕು. ಅದು ಆಗದಿದ್ದರೆ ಆ ಬದಿಗೆ ಒಂದು ಕಬ್ಬಿಣದ ಕೊಳವೆಯ ಕಂಬ ನೆಡಿ: 60 ಸೆಂಟಿಮೀಟರ್ ಆಳ, ಹಗ್ಗ ಎಳೆಯುವ ದಿಕ್ಕಿಗೆ ವಿರುದ್ಧವಾಗಿ ತುಸು ಓರೆ, ಬುಡಕ್ಕೆ ಕಾಂಕ್ರೀಟು, ನೀರು ನಿಲ್ಲದಂತೆ ಅದರ ಮೇಲ್ಮೈ ಇಳಿಜಾರು. ಕಾಂಕ್ರೀಟಿಗೆ ಒಂದು ವಾರ ನೀರು ಹಾಕಿ, ಅಲ್ಲಿಯವರೆಗೆ ಹಗ್ಗ ಬಿಗಿಯಬೇಡಿ.

ಹಗ್ಗವನ್ನು ಪದೇ ಪದೇ ಬಿಚ್ಚಿ ಕಟ್ಟುವ ಕಷ್ಟಕ್ಕೆ ಒಂದು ಗಂಟು ಇದೆ. ಕೊಕ್ಕೆಯಿಂದ ಎರಡು ಗೇಣು ಹಿಂದೆ ಹಗ್ಗದಲ್ಲೇ ಸಣ್ಣ ಕುಣಿಕೆ ಮಾಡಿ, ತುದಿಯನ್ನು ಕೊಕ್ಕೆಗೆ ಬಳಸಿ ತಂದು ಆ ಕುಣಿಕೆಯಲ್ಲಿ ತೂರಿಸಿ ಹಿಂದಕ್ಕೆ ಎಳೆಯಿರಿ. ರಾಟೆಯಂತೆ ಕೆಲಸ ಮಾಡುತ್ತದೆ. ಎರಡು ಅರ್ಧಗಂಟು ಹಾಕಿದರೆ ನಿಲ್ಲುತ್ತದೆ, ಬೇಕಾದಾಗ ಬಿಚ್ಚುತ್ತದೆ.

ಒಣಹಾಕುವಾಗ ಭಾರದ ಬಟ್ಟೆಗಳು ಎರಡು ತುದಿಗಳ ಹತ್ತಿರವಿರಲಿ, ಹಗುರವಾದವು ನಡುವೆ; ಬಾಗು ಅಷ್ಟರಿಂದಲೇ ಕಡಿಮೆಯಾಗುತ್ತದೆ. ಬಣ್ಣದ ಬಟ್ಟೆಗಳನ್ನು ಒಳಮೈ ಹೊರಗೆ ಮಾಡಿ ನೆರಳಿನ ಬದಿಗೆ ಹಾಕಿ, ಗಾಳಿಯಾಡಿದರೆ ನೆರಳಲ್ಲೂ ಚೆನ್ನಾಗಿ ಒಣಗುತ್ತವೆ. ಉಣ್ಣೆಯದನ್ನು ನೇತುಹಾಕಬೇಡಿ, ತನ್ನ ನೀರಿನ ಭಾರಕ್ಕೇ ಜಗ್ಗಿ ಆಕಾರ ಕೆಡುತ್ತದೆ.

ಈಗ ನಿಮ್ಮಿಂದ ಎರಡು ಅಳತೆ ಬೇಕು: ಮರದಿಂದ ಗೋಡೆಗೆ ಎಷ್ಟು ದೂರ, ಮತ್ತು ನಿಮ್ಮ ಅಮ್ಮ ಮೊಣಕೈಯನ್ನು ತುಸು ಮಡಿಸಿ ಕೈಯೆತ್ತಿದಾಗ ಬೆರಳು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ. ಬರೆದರೆ ಕೊಕ್ಕೆಯ ಎತ್ತರವನ್ನೂ ಕವೆಗೋಲಿನ ಸರಿಯಾದ ಉದ್ದವನ್ನೂ ಲೆಕ್ಕ ಹಾಕಿ ತಿಳಿಸುತ್ತೇನೆ.