ನಾಲ್ಕು ಅಂಕ ಕಡಿಮೆ, ಮನೆಗೆ ಹೇಳದೇ ಉಳಿದ ಮಾತು

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಹಳ್ಳಿಯವಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ದಾಟಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಹಾಗೂ ಫ್ರೆಂಚ್ ಭಾಷೆಯ ಪದವಿಗೆ ಸೇರಿದೆ. ತರಗತಿಯಲ್ಲಿ ಮೂವತ್ತೇ ಜನ. ಹೆಚ್ಚಿನವರು ಶಾಲೆಯಲ್ಲೇ ಫ್ರೆಂಚ್ ಕಲಿತವರು. ನಾನು ಮೂರು ಸೆಮಿಸ್ಟರ್‌ಗಳಿಂದ ವಾರಕ್ಕೆ ಆರು ಗಂಟೆ ಕಲಿಯುತ್ತಿದ್ದೇನೆ. ಮೂರನೆಯ ವರ್ಷದ ಒಂದು ಸೆಮಿಸ್ಟರ್ ಫ್ರಾನ್ಸಿನಲ್ಲಿ ಓದಲು ಫ್ರೆಂಚ್ ಭಾಷೆಯ ಮಧ್ಯಮ ಹಂತದ ಪರೀಕ್ಷೆಯಾದ ಡೆಲ್ಫ್ ಬಿ1 ಪಾಸಾಗಬೇಕು. ನನಗೆ ನೂರಕ್ಕೆ 46 ಬಂತು. ಕೇಳಿ ಉತ್ತರಿಸುವ ಭಾಗದಲ್ಲಿ 25ಕ್ಕೆ 6. ಮನೆಯಲ್ಲಿ ಪಾಸಾಗಿದ್ದೇನೆ ಎಂದುಬಿಟ್ಟೆ. ಅಪ್ಪ ತಾವು ಲೆಕ್ಕ ಬರೆಯುವ ಅಡತಿ ಅಂಗಡಿಯ ಸಾಹುಕಾರರಿಂದ ಸಾಲದ ಮೊದಲ ಕಂತು ತಂದಿದ್ದಾರೆ. ಗೆಳತಿಯರಿಗೆ ನಮ್ಮಪ್ಪ ಬಿಸಿನೆಸ್ ಮಾಡುತ್ತಾರೆ ಎಂದು ಹೇಳಿದ್ದೇನೆ. ಹೊರಗೆ ಓದಿದರೆ ಕಲ್ಯಾಣ ಕರ್ನಾಟಕದವರಿಗೆ ಓದು, ಉದ್ಯೋಗದಲ್ಲಿ ಸಿಗುವ 371(ಜೆ) ಮೀಸಲಾತಿಯ ಸೌಲಭ್ಯವೂ ಹೋಗುತ್ತದೆ ಎನ್ನುತ್ತಾನೆ ಅಣ್ಣ. ಎಲ್ಲ ಬಿಟ್ಟು ಕಲಬುರಗಿಯಲ್ಲಿ ಬಿ.ಕಾಂ. ಸೇರಲೇ?

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ಎರಡು ಸಂಕಟಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಪರೀಕ್ಷೆ ಪಾಸಾಗದಿರುವುದು ಒಂದು, ಪಾಸಾಗಿದ್ದೇನೆ ಎಂದು ಮನೆಯವರಿಗೆ ಹೇಳಿದ್ದು ಇನ್ನೊಂದು. ಓದು ಬಿಡುವ ಯೋಚನೆ ಮೊದಲನೆಯದರಿಂದ ಹುಟ್ಟಿತೆಂಬಂತೆ ನೀವು ಬರೆದಿದ್ದರೂ ನನಗೆ ಅದು ಎರಡನೆಯದರಿಂದ ಹುಟ್ಟಿದಂತೆ ಕಾಣುತ್ತದೆ. ಕಾಲೇಜನ್ನೇ ಬಿಟ್ಟರೆ ಫ್ರಾನ್ಸಿನ ಮಾತು ತಾನಾಗಿ ಮುಗಿಯುತ್ತದೆ, ಸುಳ್ಳನ್ನು ಒಪ್ಪಿಕೊಳ್ಳುವ ಪ್ರಮೇಯವೇ ಬರುವುದಿಲ್ಲ ಎಂಬ ಲೆಕ್ಕ ಎಲ್ಲೋ ಒಳಗೆ ನಡೆದಿರಬೇಕು.

ಮೊದಲು ಪರೀಕ್ಷೆಯ ಲೆಕ್ಕ ನೋಡೋಣ. ಏನೂ ತಿಳಿಯದ ಹಂತದಿಂದ ಬಿ1 ಮಟ್ಟ ಮುಟ್ಟಲು ಸುಮಾರು 350ರಿಂದ 400 ಗಂಟೆಗಳ ಪಾಠ ಬೇಕೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಸೆಮಿಸ್ಟರಿಗೆ ಹದಿನೈದು ವಾರ ಹಿಡಿದರೆ ನಿಮಗೆ ಈವರೆಗೆ ಸಿಕ್ಕಿದ್ದು 270 ಗಂಟೆ. ಶಾಲೆಯಿಂದಲೇ ಕಲಿತವರ ನಡುವೆ ಕುಳಿತು ಅಷ್ಟರಲ್ಲೇ 46 ಅಂಕ ತೆಗೆದವರು ತಮ್ಮನ್ನು ದಡ್ಡಿ ಎಂದುಕೊಂಡರೆ ನಾನು ಒಪ್ಪಲಾರೆ. ತೇರ್ಗಡೆಗೆ ಬೇಕಾದದ್ದು ಒಟ್ಟು 50, ಜೊತೆಗೆ ನಾಲ್ಕೂ ಭಾಗಗಳಲ್ಲಿ ತಲಾ ಕನಿಷ್ಠ 5. ಈ ಪರೀಕ್ಷೆಯನ್ನು ಎಷ್ಟು ಸಲವಾದರೂ ಬರೆಯಬಹುದು. ಆದರೆ ನಾಲ್ಕೂ ಭಾಗಗಳನ್ನು ಹೊಸದಾಗಿ ಬರೆಯಬೇಕಾಗುವುದರಿಂದ ಮಿಕ್ಕ ಮೂರನ್ನು ಕೈಬಿಡುವಂತಿಲ್ಲ.

ನಿಮಗೆ ತೊಡಕಾಗಿರುವುದು ಕಿವಿ. ಸೋಜಿಗವೆಂದರೆ, ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಹರಾಜಿನ ಕೂಗಿನಲ್ಲಿ ಬೆರೆಯುವ ಗಂಜಿನ (ಧಾನ್ಯ ಮಾರುಕಟ್ಟೆಯ) ಸೀಮೆಯಲ್ಲಿ ಬೆಳೆದವರಿಗೆ ಕಿವಿಯ ಅಭ್ಯಾಸ ಇಲ್ಲವೆನ್ನಲಾಗದು. ಆ ಮಾತುಗಳನ್ನು ಯಾರೂ ವ್ಯಾಕರಣದಿಂದ ಕಲಿಯಲಿಲ್ಲ. ದಿನವೂ ಬಿದ್ದದ್ದು ಕಿವಿಯಲ್ಲಿ ಉಳಿಯಿತು. ಫ್ರೆಂಚನ್ನು ನೀವು ಪುಟದ ಮೇಲೆ ನೋಡಿದಷ್ಟು ಕೇಳಿಲ್ಲ ಎಂದು ನನ್ನ ಊಹೆ. ಫ್ರಾನ್ಸಿನ ಅಂತರರಾಷ್ಟ್ರೀಯ ಬಾನುಲಿ ಆರ್‌ಎಫ್‌ಐನಲ್ಲಿ ಸರಳ ಫ್ರೆಂಚಿನ ಹತ್ತು ನಿಮಿಷದ ಸುದ್ದಿ ಪ್ರತಿದಿನ ಬರುತ್ತದೆ, ಅದರ ಬರಹರೂಪವೂ ಸಿಗುತ್ತದೆ. ಬರಹ ನೋಡದೆ ಎರಡು ಸಲ, ನೋಡಿಕೊಂಡು ಒಂದು ಸಲ, ಮತ್ತೆ ನೋಡದೆ ಒಂದು ಸಲ ಕೇಳಿ. ಇದು ಬೇಸರದ ಕೆಲಸ, ಮೊದಲ ಮೂರು ವಾರ ಏನೂ ಹತ್ತಿದಂತೆ ಅನ್ನಿಸದಿರಬಹುದು.

ಇನ್ನು ಅಪ್ಪನ ಬಿಸಿನೆಸ್ಸಿನ ಮಾತು. ಅದು ಪೂರ್ತಿ ಸುಳ್ಳೂ ಅಲ್ಲ ಎಂದರೆ ನಗಬೇಡಿ. ನಮ್ಮ ದೇಶ ಮೊಜಾಂಬಿಕ್, ಮಲಾವಿ, ಮ್ಯಾನ್ಮಾರ್‌ಗಳಿಂದ ತೊಗರಿ ತರಿಸುತ್ತದೆ. ಆಮದು ಹೆಚ್ಚಿದಾಗ ನಮ್ಮ ಗಂಜುಗಳ ಧಾರಣೆ ಕುಸಿಯುವ ಭಯ ಶುರುವಾಗುತ್ತದೆ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಕಲಬುರಗಿ ತೊಗರಿಗೂ ಆ ಭಯ ತಪ್ಪಿಲ್ಲ. ನಿಮ್ಮ ಸಹಪಾಠಿಗಳು ಪಠ್ಯದಲ್ಲಿ ಓದುವ ಆಮದು ಸುಂಕದ ಪರಿಣಾಮವನ್ನು ನಿಮ್ಮ ತಂದೆ ಖಾತೆ ಪುಸ್ತಕದಲ್ಲಿ ಕೈಯಾರೆ ಬರೆದಿದ್ದಾರೆ. ಗೆಳತಿಯರಿಗೆ ಇದನ್ನು ಯಾವಾಗ ಹೇಳುವಿರೋ ನಿಮಗೆ ಬಿಟ್ಟದ್ದು, ಅವಸರವಿಲ್ಲ. ಮುಂದಿನ ಪ್ರಾಜೆಕ್ಟಿಗೆ ತೊಗರಿಯ ಆಮದನ್ನೇ ಆಯ್ದುಕೊಂಡರೆ ಆ ಮಾತು ಸಹಜವಾಗಿಯೇ ಹೊರಬರುತ್ತದೆ.

ಬಿ.ಕಾಂ. ಓದುವುದು ಯಾರಿಗೂ ಅವಮಾನವಲ್ಲ. ಭಾಷೆಯೇ ಬೇಡವೆನ್ನಿಸಿ, ವಾಣಿಜ್ಯವಷ್ಟೇ ಹಿತವೆನ್ನಿಸಿ ನೀವು ಕೇಳಿದ್ದರೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ. ಆದರೆ ನಡುವೆ ಹೊರಟು ಬಂದವರು ಬಹುಶಃ ಮೊದಲ ವರ್ಷದಿಂದಲೇ ಆರಂಭಿಸಬೇಕಾದೀತು. ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿಗೆ ಬರುವುದಾದರೆ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಅಣ್ಣನ ಭಯಕ್ಕೆ ಆಧಾರವಿಲ್ಲ: ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದವರ ಸ್ಥಳೀಯ ಅರ್ಹತೆ ಬೆಂಗಳೂರಿನಲ್ಲಿ ಓದಿದ ಮಾತ್ರಕ್ಕೆ ಹೋಗುವುದಿಲ್ಲ.

ಈ ವಾರವೇ ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಬರೆದು ಮೂರು ವಿಷಯ ಕೇಳಿ: ಮುಂದಿನ ಡೆಲ್ಫ್ ಬರೆಯುವವರೆಗೆ ನಿಮ್ಮ ಸ್ಥಾನ ಕಾಯ್ದಿರಿಸುತ್ತಾರೆಯೇ, ಹೋಗುವುದನ್ನು ಒಂದು ಸೆಮಿಸ್ಟರ್ ಮುಂದೂಡಬಹುದೇ, ಹೋಗಲಾಗದಿದ್ದರೆ ಪದವಿ ಹೇಗೆ ಪೂರ್ಣವಾಗುತ್ತದೆ. ಉತ್ತರ ಬರಹದಲ್ಲೇ ಇರಲಿ. ಫ್ರಾನ್ಸಿನಲ್ಲಿ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 964 ಗಂಟೆ ದುಡಿಯಲು ಅವಕಾಶವಿದೆ. ಆದರೆ ಗಿರಾಕಿಯ ಮಾತು ತಿಳಿಯದವರಿಗೆ ಅಂಗಡಿ, ಹೋಟೆಲುಗಳಲ್ಲಿ ಕೆಲಸ ಕೊಡುವವರು ಕಡಿಮೆ. ಆ ದುಡಿಮೆಯನ್ನು ನೆಚ್ಚಿ ಸಾಲದ ಲೆಕ್ಕ ಹಾಕಬೇಡಿ.

ಮನೆಗೆ ಹೇಳಲು ಮಾತ್ರ ಆ ಇಮೇಲಿನ ಉತ್ತರಕ್ಕಾಗಿ ಕಾಯಬೇಡಿ. ಗಂಜಿಗೆ ರಜೆ ಇರುವ ದಿನ, ಅಣ್ಣನ ಮೂಲಕವಲ್ಲದೆ ನೇರವಾಗಿ ಅಪ್ಪನಿಗೇ ಫೋನ್ ಮಾಡಿ; ಅವ್ವನೂ ಹತ್ತಿರ ಕೂತಿರಲಿ. ಪೀಠಿಕೆ ಹಾಕದೆ, 46 ಬಂದಿದೆ, 50 ಬೇಕಿತ್ತು, ಪಾಸಾಗಿದ್ದೇನೆ ಎಂದು ಸುಳ್ಳು ಹೇಳಿದ್ದೆ ಎಂದುಬಿಡಿ. ಅವರು ಸಿಟ್ಟಾಗಬಹುದು, ಮಾತಾಡದೆ ಫೋನ್ ಇಟ್ಟುಬಿಡಲೂಬಹುದು. ಹಾಗಾದರೆ ಮರುದಿನ ಮತ್ತೆ ಮಾಡಿ. ಎರಡನೆಯ ಕಂತು ತರಬೇಡಿ, ಮೊದಲನೆಯದರಲ್ಲಿ ಉಳಿದದ್ದನ್ನು ಸಾಹುಕಾರರಿಗೆ ಹಿಂದಿರುಗಿಸಿ ಅಷ್ಟರ ಬಡ್ಡಿ ನಿಲ್ಲಿಸಿ ಎಂಬುದನ್ನು ಮೊದಲ ಕರೆಯಲ್ಲೇ ಹೇಳಿಬಿಡಿ.